ಬೆಳಿಗ್ಗೆ ನಾಲ್ಕರಿಂದ ಮರುದಿನ ಬೆಳಿಗ್ಗೆ ನಾಲ್ಕರವರೆಗೆ

(ಉಡುಪಿಯಲ್ಲಿ ತಾಯಂದಿರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಆಮೇಲೆ ಮನೆಯಲ್ಲಿ ಕೂತು ಬರೆದುಕೊಂಡೆ. ಕೊನೆಗೆ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜುಲೈ ತಿಂಗಳ ಒಂದು ರಾತ್ರಿ ನೆನಪು ಮಾಡಿಕೊಳ್ಳಿ. ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಾ ಇದೆ. ಊಟ ಮುಗಿದಿದೆ. ಅಷ್ಟರಲ್ಲಿ ಫೋನಿಗೆ ಮೆಸೇಜ್ ಬರುತ್ತದೆ: ನಾಳೆ ಜಿಲ್ಲೆಯ ಶಾಲೆಗಳಿಗೆ ರಜೆ. ಕೆಲವು ಸಲ ಅದು ರಾತ್ರಿ ಬರುವುದಿಲ್ಲ, ಬೆಳಿಗ್ಗೆ ಟಿಫಿನ್ ಡಬ್ಬಿ ತುಂಬಿಸಿ ಆದ ಮೇಲೆ ಬರುತ್ತದೆ. ಮಕ್ಕಳು ಕುಣಿಯುತ್ತಾರೆ. ಅಮ್ಮನ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ನಾಳೆ ಮಗುವಿನ ಜೊತೆ ಯಾರು? ಮಧ್ಯಾಹ್ನ ಊಟ ಬಡಿಸುವವರು ಯಾರು? ನನಗೆ ರಜೆ ಸಿಗುತ್ತದಾ? ಸಿಕ್ಕಿದರೆ ಸಂಬಳ ಕಟ್ಟಾಗುತ್ತದಾ?

ಗಂಡ ಜೊತೆಗಿರುವ ಮನೆಯಲ್ಲೂ ಈ ಲೆಕ್ಕ ನಡೆಯುತ್ತದೆ, ಇಲ್ಲದ ಮನೆಯಲ್ಲೂ ನಡೆಯುತ್ತದೆ. ಬಹಳ ಮನೆಗಳಲ್ಲಿ ಅದನ್ನು ಮಾಡುವವಳು ಅಮ್ಮನೇ. ಆದರೆ ಎರಡೂ ಒಂದೇ ಲೆಕ್ಕ ಅಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ವ್ಯತ್ಯಾಸದ ಬಗ್ಗೆ. ನಾನು ಏಳು ವರ್ಷ ಗಂಡನ ಜೊತೆ ಮಗನನ್ನು ಸಾಕಿದೆ. ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಒಬ್ಬಳೇ ಸಾಕಿದೆ. ಎರಡೂ ದಡ ಕಂಡಿದ್ದೇನೆ. ಅದಕ್ಕೇ ಈ ವಿಷಯ ನನ್ನನ್ನು ಬಿಡುವುದಿಲ್ಲ.

ನಾವೆಲ್ಲ ಏನು ಅಂದುಕೊಂಡಿರುತ್ತೇವೆ? ಗಂಡ ಇಲ್ಲದೆ ಮಕ್ಕಳನ್ನು ಸಾಕುವವಳಿಗೆ ಯಾವುದಕ್ಕೂ ಪುರುಸೊತ್ತಿಲ್ಲ, ಪಾಪ, ಮಕ್ಕಳಿಗೆ ಕೊಡಲು ಅವಳ ಹತ್ತಿರ ಹೊತ್ತೇ ಇಲ್ಲ. ಗಂಡ ಇರುವವಳಿಗೆ ಕೆಲಸ ಹಂಚಿಹೋಗುತ್ತದೆ, ಅವಳಿಗೆ ಸ್ವಲ್ಪ ಆರಾಮ. ಕೇಳಲು ಸರಿಯಾಗಿಯೇ ಇದೆ. ನಾನೂ ಹಾಗೇ ನಂಬಿದ್ದೆ.

ಅಮೆರಿಕದಲ್ಲಿ 2003ರಿಂದ ಪ್ರತಿ ವರ್ಷ ಜನರ ಒಂದು ದಿನದ ಹೊತ್ತು ಹೇಗೆ ಕಳೆಯಿತು ಎಂದು ಕೇಳಿ ಬರೆದುಕೊಳ್ಳುವ ಸರ್ಕಾರಿ ಸಮೀಕ್ಷೆ ನಡೆಯುತ್ತದೆ. ಅದರ 2003ರಿಂದ 2012ರವರೆಗಿನ ಮಾಹಿತಿಯನ್ನು ಜೊಯಾನಾ ಪೆಪಿನ್, ಲಿಯಾನಾ ಸೇಯರ್, ಲಿನ್ ಕ್ಯಾಸ್ಪರ್ ಎಂಬ ಮೂವರು ಸಂಶೋಧಕಿಯರು ಕೂತು ನೋಡಿದರು. 23 ಸಾವಿರಕ್ಕೂ ಹೆಚ್ಚು ತಾಯಂದಿರ ದಿನಗಳು. 2018ರಲ್ಲಿ ಪ್ರಕಟವಾಯಿತು. ಅವರು ಕಂಡದ್ದು ಇಷ್ಟು. ಮಕ್ಕಳ ಆರೈಕೆಗೆ ಕೊಡುವ ಹೊತ್ತಿನಲ್ಲಿ ಗಂಡ ಇರುವವಳಿಗೂ ಇಲ್ಲದವಳಿಗೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಮನೆಗೆಲಸದಲ್ಲಿ, ಬಿಡುವಿನಲ್ಲಿ ಮತ್ತು ನಿದ್ದೆಯಲ್ಲಿ. ಹೊರಗಿನ ದುಡಿಮೆಯ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮದುವೆಯಾಗಿ ಗಂಡನ ಜೊತೆಗಿರುವ ತಾಯಂದಿರೇ ಜಾಸ್ತಿ ಮನೆಗೆಲಸ ಮಾಡುತ್ತಿದ್ದರು. ಮದುವೆಯೇ ಆಗದ ತಾಯಂದಿರಿಗಿಂತ, ವಿಚ್ಛೇದನ ಆದವರಿಗಿಂತ ಅವರು ನಿದ್ದೆ ಮಾಡುತ್ತಿದ್ದದ್ದೂ ಕಡಿಮೆ.

ಇದನ್ನು ಓದಿದ ದಿನ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಯಾಕೆಂದರೆ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟು ಹೇಳಿರಲಿಲ್ಲ. ಗಂಡ ಹೋದ ಮೇಲೆ ಮನೆಯಲ್ಲಿ ನಾನು, ಮಗ ಇಬ್ಬರೇ. ಒಂದು ಸಾರು, ಒಂದು ಮೊಟ್ಟೆ, ಒಂದು ಹಪ್ಪಳ. ಊಟ ಮುಗಿಯುತ್ತಿತ್ತು. ಅವರು ಇದ್ದಾಗ ಹಾಗೆ ಆಗುತ್ತಿರಲಿಲ್ಲ. ಅವರು ಒಳ್ಳೆಯವರು, ಒಂದು ದಿನವೂ ತಟ್ಟೆ ದೂಡಿದವರಲ್ಲ. ಆದರೂ ಗಂಡ ಊಟಕ್ಕೆ ಬರುತ್ತಾರೆ ಅಂದರೆ ಕೈ ತಾನಾಗಿಯೇ ತೆಂಗಿನಕಾಯಿಗೆ ಹೋಗುತ್ತಿತ್ತು. ಮೀನು ತರುವುದು, ಕೊಯ್ಯುವುದು, ಮಸಾಲೆ ಕಡೆಯುವುದು, ಅದರ ಜೊತೆಗೆ ಒಂದು ಪಲ್ಯ. ಯಾರೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ. ಆದರೆ ಮಾಡದಿದ್ದರೆ ನಾನು ಏನೋ ಕಡಿಮೆ ಮಾಡಿದೆ ಎಂದು ನನಗೇ ಅನ್ನಿಸುತ್ತಿತ್ತು.

ಇದನ್ನು ಹೇಳಲು ನನಗೆ ತುಂಬಾ ವರ್ಷ ಬೇಕಾಯಿತು. ಗಂಡನನ್ನು ಕಳೆದುಕೊಂಡವಳು ಮನೆಗೆಲಸ ಕಡಿಮೆ ಆಯಿತು ಎಂದು ಹೇಗೆ ಹೇಳುತ್ತಾಳೆ? ಹೇಳಿದರೆ ಕೇಳುವವರು ಏನು ಅಂದುಕೊಳ್ಳುತ್ತಾರೆ? ಇಲ್ಲಿ ನನ್ನ ಹಾಗೆ ಇರುವವರು ಯಾರಾದರೂ ಕೂತಿದ್ದರೆ ಅವರಿಗೆ ಹೇಳುತ್ತೇನೆ, ದುಃಖ ಬೇರೆ, ಪಾತ್ರೆಗಳ ಲೆಕ್ಕ ಬೇರೆ. ಎರಡೂ ಒಟ್ಟಿಗೆ ನಿಜ ಆಗಿರಬಹುದು.

ಆದರೆ ಅಲ್ಲಿಯ ಲೆಕ್ಕವನ್ನು ತಂದು ನಮ್ಮ ಮನೆಗಳ ಮೇಲೆ ಹಾಗೆಯೇ ಇಡಬಾರದು. ನಮ್ಮಲ್ಲಿ ಏನಿದೆ ನೋಡೋಣ.

ನಮ್ಮ ದೇಶದಲ್ಲಿ 1998–99ರಲ್ಲಿ ಆರು ರಾಜ್ಯಗಳಲ್ಲಿ ಇಂಥ ಸಮೀಕ್ಷೆಯ ಪ್ರಯೋಗ ನಡೆದಿತ್ತು. ಆ ಆರರಲ್ಲಿ ಕರ್ನಾಟಕ ಇರಲಿಲ್ಲ. ಇಡೀ ದೇಶದ ಮೊದಲ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಎರಡನೆಯದು 2024ರಲ್ಲಿ. ಕೇಳುವ ಕ್ರಮ ಹೀಗೆ: ನಿನ್ನೆ ಬೆಳಿಗ್ಗೆ ನಾಲ್ಕು ಗಂಟೆಯಿಂದ ಇವತ್ತು ಬೆಳಿಗ್ಗೆ ನಾಲ್ಕು ಗಂಟೆಯವರೆಗೆ ಏನೇನು ಮಾಡಿದಿರಿ? ಅರ್ಧರ್ಧ ಗಂಟೆಯ ಚೌಕ ಮಾಡಿ ತುಂಬುತ್ತಾರೆ. ನಾಲ್ಕು ಗಂಟೆಯಿಂದ ಶುರು ಮಾಡಿದ್ದು ನನಗೆ ಇಷ್ಟವಾಯಿತು. ನಮ್ಮ ಅಮ್ಮಂದಿರ ದಿನ ಶುರುವಾಗುತ್ತಿದ್ದದ್ದೇ ಹೆಚ್ಚು ಕಡಿಮೆ ಆಗ.

2024ರ ಲೆಕ್ಕ ಹೇಳುತ್ತೇನೆ. ಆರು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ 81.5 ಜನ ಆ ದಿನ ಸಂಬಳವಿಲ್ಲದ ಮನೆಗೆಲಸ ಮಾಡಿದ್ದರು. ಗಂಡಸರಲ್ಲಿ ನೂರಕ್ಕೆ 27.1 ಜನ. ಮಾಡಿದವರ ಸರಾಸರಿ ತೆಗೆದರೆ ಹೆಂಗಸರದ್ದು ದಿನಕ್ಕೆ 289 ನಿಮಿಷ, ಗಂಡಸರದ್ದು 88 ನಿಮಿಷ. 2019ರಲ್ಲಿ ಇದೇ 299 ಮತ್ತು 97 ಇತ್ತು. ಈ ನಾಲ್ಕು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ಐದು ವರ್ಷದಲ್ಲಿ ಹೆಂಗಸರ ಕೆಲಸ 10 ನಿಮಿಷ ಇಳಿಯಿತು. ಸಂತೋಷ. ಆದರೆ ಗಂಡಸರದ್ದೂ 9 ನಿಮಿಷ ಇಳಿದಿದೆ. ಅಂದರೆ ಅವಳ ಆ ಹತ್ತು ನಿಮಿಷವನ್ನು ಅವನು ತೆಗೆದುಕೊಂಡದ್ದಲ್ಲ. ಕೆಲಸ ಮಾಡುವ ಗಂಡಸರು ನೂರರಲ್ಲಿ ಒಬ್ಬ ಜಾಸ್ತಿಯಾಗಿದ್ದಾನೆ, ಅಷ್ಟೇ.

ಆ ಸಮೀಕ್ಷೆಯಲ್ಲಿ ಇನ್ನೊಂದು ನಿಯಮ ಇದೆ. ಅರ್ಧ ಗಂಟೆಯ ಚೌಕದೊಳಗೆ ಹೆಚ್ಚೆಂದರೆ ಮೂರು ಕೆಲಸ ಬರೆಯಬಹುದು, ಹತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಾಡಿದ್ದನ್ನು ಮಾತ್ರ. ಸಮೀಕ್ಷೆಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ತಾಯಂದಿರ ದಿನ ಎಷ್ಟೋ ಸಲ ಆ ಗೆರೆಯ ಕೆಳಗೇ ಇರುತ್ತದೆ. ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗಿದೆಯಾ ಎಂದು ಮುಟ್ಟಿ ನೋಡುವುದು ಅರ್ಧ ನಿಮಿಷ. ಒಣಗದಿದ್ದರೆ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒಣಗಿಸುವುದು ಏಳು ನಿಮಿಷ. ಡೈರಿಗೆ ಸಹಿ ಒಂದು ನಿಮಿಷ. ಶಾಲೆಯ ಗ್ರೂಪಿನಲ್ಲಿ ಬಂದ ಮೆಸೇಜ್ ಓದಿ ನಾಳೆ ಚಾರ್ಟ್ ಪೇಪರ್ ಬೇಕು ಎಂದು ನೆನಪಿಟ್ಟುಕೊಳ್ಳುವುದು, ಇದು ಎಷ್ಟು ನಿಮಿಷ? ಬೆಳಿಗ್ಗೆಯಿಂದ ಸಂಜೆ ತನಕ ತಲೆಯಲ್ಲೇ ಇರುತ್ತದೆ ಅಲ್ವಾ?

ಹೋದ ವರ್ಷ ನಾನು ಪರಿಚಯದ ಇಬ್ಬರು ಹೆಂಗಸರಿಗೆ ಒಂದೊಂದು ಹಳೇ ನೋಟ್‌ಬುಕ್ ಕೊಟ್ಟೆ. ಮಕ್ಕಳು ಅರ್ಧ ಬರೆದು ಬಿಟ್ಟವು. ನಾಲ್ಕರಿಂದ ನಾಲ್ಕರವರೆಗೆ ಗೆರೆ ಹಾಕಿ, ಒಂದು ಮಂಗಳವಾರ ಏನೇನು ಮಾಡಿದಿರೋ ಬರೆಯಿರಿ, ಹತ್ತು ನಿಮಿಷದ ಗೆರೆ ಬೇಡ, ಒಂದು ನಿಮಿಷದ್ದನ್ನೂ ಬರೆಯಿರಿ ಎಂದೆ. ಇದು ಸಂಶೋಧನೆ ಅಲ್ಲ. ಇಬ್ಬರ ಒಂದು ದಿನ, ಅಷ್ಟೇ. ಇಬ್ಬರೂ ಇಲ್ಲಿ ಹೇಳಲು ಒಪ್ಪಿದ್ದಾರೆ, ಹೆಸರು ಬೇಡ ಎಂದಿದ್ದಾರೆ.

ಒಬ್ಬಳು ಉಡುಪಿಯವಳು. ಖಾಸಗಿ ಶಾಲೆಯಲ್ಲಿ ಟೀಚರ್. ಗಂಡನಿಗೆ ಆಫೀಸ್ ಕೆಲಸ. ಮನೆಯಲ್ಲಿ ಅತ್ತೆ ಇದ್ದಾರೆ. ಮಗ ನಾಲ್ಕನೇ ಕ್ಲಾಸ್. ಅವಳ ಪುಸ್ತಕ ಶುರುವಾಗುವುದು 4.50ಕ್ಕೆ. ಕುಚ್ಚಲಕ್ಕಿ ಒಲೆಯ ಮೇಲೆ ಇಟ್ಟೆ. ಬಚ್ಚಲಲ್ಲಿ ನೀರಿಗೆ ಬೆಂಕಿ ಹಾಕಿದೆ. ಕಾಯಿ ತುರಿದೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ. ನಂತರ ದೋಸೆ. ಗಂಡನ ಡಬ್ಬಿಗೆ ಚಪಾತಿ, ಅತ್ತೆಗೆ ಗಂಜಿ ಮತ್ತು ಉಪ್ಪಿಲ್ಲದ ಪಲ್ಯ, ಮಗನ ಡಬ್ಬಿಗೆ ಅವನು ತಿನ್ನುವಂಥದ್ದು ಬೇರೆ. ಏಳೂವರೆಯೊಳಗೆ ನಾಲ್ಕು ಥರದ ಅಡುಗೆ. ತಾನು ತಿಂದದ್ದು ಎಲ್ಲಿ ಎಂದು ಹುಡುಕಿದೆ. 7.40ಕ್ಕೆ, 'ನಿಂತುಕೊಂಡು ಒಂದು ದೋಸೆ.' ಸಂಜೆ ನಾಲ್ಕೂವರೆಗೆ ಮನೆ. ಬಂಗುಡೆ ಕೊಯ್ದೆ, ಅದರ ಜೊತೆಗೇ ಮಗನಿಗೆ ಮಗ್ಗಿ ಕೇಳಿದೆ. ಈ ಸಾಲಿನ ಹತ್ತಿರ ಪುಸ್ತಕದಲ್ಲಿ ಒಂದು ಸಣ್ಣ ಕಲೆ ಇತ್ತು, ಮೀನಿನ ನೀರಿನದ್ದು. ಬರೆಯುವುದನ್ನು ಮರೆಯಬಾರದು ಎಂದು ಕೈ ಒರೆಸಿ ಅಲ್ಲೇ ಬರೆದಿದ್ದಾಳೆ. ಮಲಗಿದ್ದು 10.50ಕ್ಕೆ.

ಅವಳ ಗಂಡ ಆ ಪುಸ್ತಕದಲ್ಲಿ ಎರಡು ಕಡೆ ಬರುತ್ತಾರೆ. ಬೆಳಿಗ್ಗೆ 'ಇವರು ಮಗನನ್ನು ಸ್ಕೂಟರಿನಲ್ಲಿ ಬಿಟ್ಟರು.' ರಾತ್ರಿ 'ಇವರು ಮಗನ ಜೊತೆ ಕೇರಂ ಆಡಿದರು.' ಇದನ್ನು ನಾನು ಸಣ್ಣದು ಅನ್ನುವುದಿಲ್ಲ. ಆ ಕೇರಂ ಆಟದ ಮುಕ್ಕಾಲು ಗಂಟೆ ಮಗನಿಗೂ ಬೇಕು, ಅಪ್ಪನಿಗೂ ಬೇಕು. ಆದರೆ ಆ ಮುಕ್ಕಾಲು ಗಂಟೆ ಅವಳು ಏನು ಮಾಡಿದಳು? ಪಾತ್ರೆ ತೊಳೆದಳು.

ಇನ್ನೊಬ್ಬಳು ಸುರತ್ಕಲ್ ಕಡೆಯವಳು. ಗಂಡನಿಂದ ಬೇರೆಯಾಗಿ ನಾಲ್ಕು ವರ್ಷ. ಮಗಳೂ ನಾಲ್ಕನೇ ಕ್ಲಾಸ್. ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ತನ್ನ ಅಮ್ಮನ ಜೊತೆ ಇದ್ದಾಳೆ. ಎದ್ದದ್ದು 5.45ಕ್ಕೆ. ಮೂವರಿಗೂ ಒಂದೇ ತಿಂಡಿ, ಅದೇ ಡಬ್ಬಿಗೆ. ಮಗಳ ಜಡೆ ಹಾಕಿದ್ದು ಹದಿನೈದು ನಿಮಿಷ. 'ಮಾತಾಡುತ್ತಾ ಹಾಕಿದೆ, ಅದಕ್ಕೆ ಹೊತ್ತಾಯಿತು' ಎಂದು ಬದಿಯಲ್ಲಿ ಬರೆದಿದ್ದಾಳೆ. ಎಂಟೂಕಾಲಿಗೆ ಬಸ್. ಅಂಗಡಿಯಲ್ಲಿ ರಾತ್ರಿ ಏಳೂವರೆವರೆಗೆ. 4.10ಕ್ಕೆ ಒಂದು ಸಾಲು: 'ಅಮ್ಮನಿಗೆ ಫೋನ್. ಮಗಳು ಬಂದಳು.' ಮೂರು ನಿಮಿಷ. ಆ ಮೂರು ನಿಮಿಷಕ್ಕೆ ಅವಳು ಮೂರು ಗಂಟೆಯಿಂದಲೇ ಕಾಯುತ್ತಿದ್ದಳು ಎಂದು ಆಮೇಲೆ ಹೇಳಿದಳು. ಮನೆ ತಲುಪಿದ್ದು ಎಂಟೂವರೆ. ಒಂಬತ್ತೂ ಮುಕ್ಕಾಲರ ತನಕ ಪೂರ್ತಿ ಮಗಳ ಜೊತೆ. ಹೋಮ್‌ವರ್ಕ್, ಊಟ, ಹಾಸಿಗೆಯಲ್ಲಿ ಮಾತು.

ಆಮೇಲಿನ ಸಾಲು ಇದು: '10ರಿಂದ 12, ಮಲಗಿದ್ದೆ, ನಿದ್ದೆ ಬರಲಿಲ್ಲ. ಫೀಸು.'

ಇಂಥ ಸಮೀಕ್ಷೆಗಳಿಗೆ ವಿಶ್ವಸಂಸ್ಥೆ 2016ರಲ್ಲಿ ಮಾಡಿದ ಕೆಲಸಗಳ ಪಟ್ಟಿಯೊಂದು ಇದೆ. ಅದರಲ್ಲಿ ನಿದ್ದೆಗೆ ಒಂದು ಸಂಖ್ಯೆ, ನಿದ್ದೆ ಬಾರದೆ ಮಲಗಿರುವುದಕ್ಕೆ ಬೇರೆಯೇ ಒಂದು ಸಂಖ್ಯೆ. ಅದನ್ನು ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸಿತು. ಯಾಕೆಂದರೆ ಗಡಿಯಾರ ನೋಡಿದರೆ ಸುರತ್ಕಲ್‌ನವಳು ಉಡುಪಿಯವಳಿಗಿಂತ ಜಾಸ್ತಿ ಹೊತ್ತು ಮಲಗಿದ್ದಾಳೆ. ಅಮೆರಿಕದ ಲೆಕ್ಕದ ಹಾಗೆಯೇ. ಆದರೆ ಆ ಎರಡು ಗಂಟೆ?

ಈಗ ನಾನು ಮುಖ್ಯ ಎಂದುಕೊಂಡಿರುವ ಮಾತಿಗೆ ಬರುತ್ತೇನೆ. ಒಬ್ಬಳೇ ಮಕ್ಕಳನ್ನು ಸಾಕುವವಳಿಗೆ ಕಡಿಮೆಯಾಗಿರುವುದು ನಿಮಿಷಗಳಲ್ಲ. ಅವಳಿಗೆ ಇಲ್ಲದ್ದು ಬದಲಿ ಕೈ. ಉಡುಪಿಯವಳಿಗೆ ಕೆಲಸ ಜಾಸ್ತಿ, ನಿದ್ದೆ ಕಡಿಮೆ, ಅವಳ ಸೊಂಟ ನೋಯುತ್ತದೆ. ಆದರೆ ಮಗನಿಗೆ ರಾತ್ರಿ ಜ್ವರ ಬಂದರೆ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಹುದು. ನನ್ನ ಮಗನಿಗೆ ಒಂಬತ್ತು ವರ್ಷ ಇದ್ದಾಗ ಒಂದು ರಾತ್ರಿ ಜ್ವರ ಏರುತ್ತಾ ಹೋಯಿತು. ಎರಡು ಗಂಟೆಗೆ ಥರ್ಮಾಮೀಟರ್ 103 ತೋರಿಸಿತು. ಈಗಲೇ ಆಟೋ ಹುಡುಕಿ ಆಸ್ಪತ್ರೆಗೆ ಹೋಗುವುದಾ, ಬೆಳಗಾಗುವ ತನಕ ಒದ್ದೆ ಬಟ್ಟೆ ಹಾಕುತ್ತಾ ಕೂರುವುದಾ? ಆ ರಾತ್ರಿ ನಾನು ಮಾಡಿದ ಕೆಲಸ ಬಹಳ ಏನಲ್ಲ. ಬಟ್ಟೆ ಹಿಂಡಿದೆ, ಹಣೆಗೆ ಇಟ್ಟೆ, ಮತ್ತೆ ಹಿಂಡಿದೆ. ಭಾರವಾದದ್ದು ಅದಲ್ಲ. 'ಏನು ಮಾಡೋಣ' ಎಂದು ಕೇಳಲು ಒಬ್ಬರು ಇರಲಿಲ್ಲ. ಅವರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ ಇರಬಹುದು. ಇಬ್ಬರೂ ಗೊತ್ತಿಲ್ಲದೆ ಕೂರುವುದು ಬೇರೆ, ಒಬ್ಬಳೇ ಗೊತ್ತಿಲ್ಲದೆ ಕೂರುವುದು ಬೇರೆ.

ಆದ್ದರಿಂದ ಈ ಇಬ್ಬರು ತಾಯಂದಿರನ್ನು ಪಕ್ಕ ಪಕ್ಕ ನಿಲ್ಲಿಸಿ ಯಾರಿಗೆ ಕಷ್ಟ ಜಾಸ್ತಿ ಎಂದು ತೂಗಲು ನಾನು ಬರಲಿಲ್ಲ. ಒಬ್ಬಳಿಗೆ ಕೆಲಸ ಇಳಿಯಬೇಕು. ಇನ್ನೊಬ್ಬಳಿಗೆ ಕಾವಲು ಬದಲಾಗಬೇಕು. ಇವೆರಡು ಬೇರೆ ಬೇರೆ ಬೇಡಿಕೆ. ಎರಡನ್ನೂ ಸೇರಿಸಿ 'ಹೆಂಗಸರಿಗೆ ಪುರುಸೊತ್ತಿಲ್ಲ' ಎಂದುಬಿಟ್ಟರೆ ಇಬ್ಬರಿಗೂ ಏನೂ ಸಿಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದರ ನಡುವೆ ಇನ್ನೊಂದು ಗುಂಪಿದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ಗಂಡಸರು ಮುಂಬಯಿಯಲ್ಲಿ, ಗಲ್ಫಿನಲ್ಲಿ. ಕಾಗದದಲ್ಲಿ ಇವರ ಹೆಂಡತಿಯರು ಗಂಡ ಇರುವವರು. ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಮಗು ವಾಂತಿ ಮಾಡಿದಾಗ ಒಬ್ಬಳೇ ಇರುವವರು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಸೌದಿ ಎರಡೂವರೆ ಗಂಟೆ ಹಿಂದೆ. ಕುವೈತಿನಲ್ಲಿ ಅವರು ಕೆಲಸ ಮುಗಿಸಿ, ಸ್ನಾನ ಮಾಡಿ, ಅಡುಗೆ ಮಾಡಿ ತಿಂದು ಒಂಬತ್ತೂವರೆಗೆ ಫೋನ್ ಮಾಡಿದರೆ ಇಲ್ಲಿ ಮಧ್ಯರಾತ್ರಿ. ಇವಳು ಎಚ್ಚರ ಇರುತ್ತಾಳೆ. ಆ ಫೋನ್ ಅವಳಿಗೆ ಬೇಕು, ದಿನದಲ್ಲಿ ಅವಳದ್ದು ಎಂದು ಇರುವ ಹೊತ್ತು ಅದೊಂದೇ. ಬೆಳಿಗ್ಗೆ ಐದಕ್ಕೆ ಮತ್ತೆ ಏಳುತ್ತಾಳೆ. ಇವಳಿಗೆ ಎರಡೂ ಕಡೆಯ ಕೊರತೆ: ಗಂಡನ ಮನೆಯ ಕೆಲಸ ಪೂರ್ತಿ ಇದೆ, ಬದಲಿ ಕೈ ಮೂರು ಸಾವಿರ ಕಿಲೋಮೀಟರ್ ಆಚೆ ಇದೆ.

ನನ್ನ ಅಮ್ಮನೂ ಹಾಗೇ ಇದ್ದವಳು. ಅಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸ, ವರ್ಷಕ್ಕೊಮ್ಮೆ ಬರುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ರಾತ್ರಿ ಎಲೆಗೆ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡುವುದು. ಬೆಳಿಗ್ಗೆ ಅಚ್ಚು ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು. ಆಮೇಲೆ ಮಡಿಲಲ್ಲಿ ಗೆರಸೆ. ತಮ್ಮ ಆಗ ತೊಟ್ಟಿಲಲ್ಲಿ. ತೊಟ್ಟಿಲಿಗೆ ಕಟ್ಟಿದ ಹಗ್ಗದ ತುದಿ ಅಮ್ಮನ ಬಲಗಾಲಿನ ಹೆಬ್ಬೆರಳಿಗೆ. ಕೈ ಎಲೆ ಸುತ್ತುತ್ತಿತ್ತು, ಕಾಲು ತೂಗುತ್ತಿತ್ತು, ಬಾಯಿ ನನಗೆ ಪದ್ಯ ಹೇಳಿಕೊಡುತ್ತಿತ್ತು. ತಮ್ಮ ನಿದ್ದೆ ಹೋದ ಮೇಲೂ ಕಾಲು ಸ್ವಲ್ಪ ಹೊತ್ತು ಆಡುತ್ತಲೇ ಇರುತ್ತಿತ್ತು. ಬೀಡಿಗೆ ಸಾವಿರದ ಲೆಕ್ಕದಲ್ಲಿ ಮಜೂರಿ ಸಿಗುತ್ತಿತ್ತು. ಕಾಲಿನ ಕೆಲಸಕ್ಕೆ ಲೆಕ್ಕ ಇರಲಿಲ್ಲ.

ಆದರೆ ಅಮ್ಮನಿಗೆ ಅವಳ ತಾಯಿಮನೆ ಹತ್ತಿರ ಇತ್ತು. ಅಜ್ಜಿ ಇದ್ದರು, ಚಿಕ್ಕಮ್ಮಂದಿರು ಇದ್ದರು, ಮಾವ ಇದ್ದರು. ಇದು ನಮ್ಮ ತುಳುನಾಡಿನ ದೊಡ್ಡ ಸಂಗತಿ. ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡನನ್ನು ಬಿಟ್ಟು ಬಂದವಳೋ, ಗಂಡ ಸತ್ತವಳೋ, ತನ್ನ ಮಕ್ಕಳ ಜೊತೆ ತಾಯಿಮನೆಯಲ್ಲಿ ಇರುವುದು ಯಾರ ದಯೆಯೂ ಆಗಿರಲಿಲ್ಲ. ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಯಜಮಾನಿಕೆ ಬಹಳ ಕಡೆ ಗಂಡಸಿನ ಕೈಯಲ್ಲೇ ಇತ್ತು. 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದೊಳಗಿನ ತಾಯಿ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಮನೆಗಳು ಪಾಲಾದವು. ಆಸ್ತಿ ಕೈಗೆ ಬಂತು. ತೊಟ್ಟಿಲು ತೂಗಲು ಇದ್ದ ಐದಾರು ಕಾಲು ಹೋದವು.

ಆದರೂ ಪೂರ್ತಿ ಹೋಗಿಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಭಾರತದ ಮನೆಗಳಲ್ಲಿ ನೂರಕ್ಕೆ 4.5ರಷ್ಟನ್ನು, ಅಂದರೆ ಸುಮಾರು 1.3 ಕೋಟಿ ಮನೆಗಳನ್ನು, ತಾಯಿಯೊಬ್ಬಳೇ ನಡೆಸುತ್ತಿದ್ದಾಳೆ. ಅದಲ್ಲದೆ ಗಂಡ ಜೊತೆಗಿಲ್ಲದ ಸುಮಾರು 3.2 ಕೋಟಿ ತಾಯಂದಿರು ಅಪ್ಪ ಅಮ್ಮನ ಜೊತೆಗೋ, ಬೇರೆ ನೆಂಟರ ಜೊತೆಗೋ ಇದ್ದಾರೆ. ಅಂದರೆ ನಮ್ಮಲ್ಲಿ ಒಬ್ಬಳೇ ಸಾಕುವ ತಾಯಿ ಎಂದರೆ ಹೆಚ್ಚಿನ ಸಲ ಒಬ್ಬಳೇ ಇರುವವಳಲ್ಲ. ಸುರತ್ಕಲ್‌ನವಳ ಮಗಳು ನಾಲ್ಕು ಹತ್ತಕ್ಕೆ ಮನೆಗೆ ಬಂದಾಗ ಬಾಗಿಲು ತೆರೆದವರು ಅಜ್ಜಿ. ಆ ಅಜ್ಜಿಗೆ 68 ವರ್ಷ, ಮಂಡಿ ನೋವು. ಅವರ ದಿನವನ್ನು ಯಾರೂ ಬರೆದಿಲ್ಲ. ನಾನೂ ಪುಸ್ತಕ ಕೊಟ್ಟಿರಲಿಲ್ಲ. ಅದು ತಪ್ಪಾಯಿತು, ಈ ಸಲ ಕೊಡುತ್ತೇನೆ.

ಇನ್ನೊಂದು ಥರದ ಹೊತ್ತು ಇದೆ, ಕಚೇರಿಯ ಹೊತ್ತು. ಮಗನಿಗೆ ಏನೇ ಅರ್ಜಿ ಹಾಕಲಿ, ಅಪ್ಪನ ಸಹಿ ಎಲ್ಲಿ ಎಂದು ಕೇಳುವವರು. ಒಂದು ಶಾಲೆಯಲ್ಲಿ ಒಂದೇ ಫಾರಂಗೆ ನಾನು ಮೂರು ಸಲ ಅರ್ಧ ದಿನದ ರಜೆ ಹಾಕಿ ಹೋಗಿದ್ದೇನೆ. ನನ್ನ ಚೀಲದಲ್ಲಿ ಅವರ ಮರಣಪತ್ರದ ಜೆರಾಕ್ಸ್ ಐದಾರು ಪ್ರತಿ ಯಾವಾಗಲೂ ಇರುತ್ತಿತ್ತು, ಮಡಿಚಿದಲ್ಲಿ ಹರಿದು ಹೋದ ಹಾಗೆ ಹೊಸದು ಮಾಡಿಸುತ್ತಿದ್ದೆ. ಗಂಡ ಇರುವವಳ ಲೆಕ್ಕದಲ್ಲಿ ಈ ಅರ್ಧ ದಿನಗಳು ಇರುವುದಿಲ್ಲ. ಇಲ್ಲಿರುವ ತಾಯಂದಿರಿಗೆ ಉಪಯೋಗವಾಗುವ ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿದೆ. ತಾಯಿಯೊಬ್ಬಳೇ ಇದ್ದರೆ ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಕಡ್ಡಾಯ ಅಲ್ಲ, ಇದು 2018ರ ಡಿಸೆಂಬರ್‌ನಿಂದ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು: 'ಸರ್ಕಾರ ಬಸ್ಸು ಫ್ರೀ ಮಾಡಿದೆ ಅಲ್ವಾ, ಅದರಿಂದ ಹೊತ್ತು ಉಳಿಯಲಿಲ್ವಾ?' ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಬೇರೆ ಜಿಲ್ಲೆಗಳಲ್ಲಿ ಅದರಿಂದ ಎಷ್ಟೋ ಹೆಂಗಸರ ಕೈಯಲ್ಲಿ ದುಡ್ಡು ಉಳಿದಿದೆ, ಒಳ್ಳೆಯದೇ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಆಗ ಅವಳು ಆರಿಸಿಕೊಳ್ಳಬೇಕು. ಸರ್ಕಾರಿ ಬಸ್ಸಿಗೆ ಕಾದರೆ ದುಡ್ಡು ಉಳಿಯುತ್ತದೆ, ಹೊತ್ತು ಹೋಗುತ್ತದೆ. ಸಿಕ್ಕಿದ ಬಸ್ಸು ಹತ್ತಿದರೆ ಹೊತ್ತು ಉಳಿಯುತ್ತದೆ, ದುಡ್ಡು ಹೋಗುತ್ತದೆ. ಮನೆಯಲ್ಲಿ ಮಗು ಕಾಯುತ್ತಿರುವವಳು ಯಾವುದನ್ನು ಆರಿಸುತ್ತಾಳೆ ಎಂದು ಸಂಜೆ ಸ್ಟ್ಯಾಂಡಿನಲ್ಲಿ ನಿಂತರೆ ಕಾಣುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಶಿಶುವಿಹಾರದ ಬಗ್ಗೆ ಕೇಳಿದಳು. ಅದು ಸರಿಯಾದ ಪ್ರಶ್ನೆ, ಯಾಕೆಂದರೆ ಬದಲಿ ಕೈ ಎಂದರೆ ನೆಂಟರದ್ದೇ ಆಗಬೇಕಾಗಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರದ ಸೌಕರ್ಯ ಇರಬೇಕು ಎಂದಿತು. ಬಟ್ಟೆ ಅಂಗಡಿಯಲ್ಲಿ ಹನ್ನೆರಡು ಜನ ಇರುತ್ತಾರೆ. ಅಲ್ಲಿಗೆ ಆ ಮಾತು ಮುಟ್ಟುವುದೇ ಇಲ್ಲ. ಹಳ್ಳಿಗಳಲ್ಲಿ ಪಂಚಾಯತಿಗಳ 'ಕೂಸಿನ ಮನೆ' ಶುರುವಾಗಿದೆ. ಪೇಟೆಯಲ್ಲಿ ರಾತ್ರಿ ಎಂಟೂವರೆಗೆ ಮನೆ ತಲುಪುವವಳ ಮಗುವಿಗೆ ಸಂಜೆ ನಾಲ್ಕರಿಂದ ಎಂಟೂವರೆಯ ತನಕ ಕೂರಲು ಒಂದು ಜಾಗ, ಒಂದು ಲೋಟ ಹಾಲು, ಒಬ್ಬರು ಅಕ್ಕ. ನಾನು ಕೇಳುವುದು ಇಷ್ಟು. ಮಳೆಯ ರಜೆ ಸಾರಿದ ದಿನವೂ ಆ ಬಾಗಿಲು ತೆರೆದಿರಬೇಕು. ಮಕ್ಕಳು ನೀರಲ್ಲಿ ನಡೆದು ಹೋಗುವುದು ಬೇಡ ಎಂದೇ ಆ ರಜೆ ಕೊಡುವುದು, ಅದು ಬೇಕು. ಆದರೆ ಓಣಿಯಲ್ಲೇ, ನಡೆದು ಹೋಗುವಷ್ಟು ಹತ್ತಿರ, ಇಂಥದ್ದೊಂದು ಕೋಣೆ ಯಾಕೆ ಇರಬಾರದು?

ಕೊನೆಗೆ ಒಬ್ಬ ಗಂಡಸು ಎದ್ದು ನಿಂತರು. ಹೆಂಡತಿಯ ಜೊತೆ ಬಂದವರು. 'ನಾನು ಸಹಾಯ ಮಾಡುತ್ತೇನೆ ಮೇಡಂ, ಆದರೆ ಏನು ಮಾಡಬೇಕು ಎಂದು ಅವಳು ಹೇಳುವುದಿಲ್ಲ' ಎಂದರು. ಮನಸ್ಸಿಟ್ಟು ಹೇಳಿದ ಮಾತು, ನನಗೆ ಗೊತ್ತಾಯಿತು. ನಾನು ಹೇಳಿದ್ದು ಇಷ್ಟೇ: 'ಅಣ್ಣ, ಏನು ಮಾಡಬೇಕು ಎಂದು ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ. ಅದನ್ನೇ ತೆಗೆದುಕೊಳ್ಳಿ. ಡೈರಿ ನಿಮ್ಮದು, ಶಾಲೆಯ ಗ್ರೂಪ್ ನಿಮ್ಮದು, ಲಸಿಕೆಯ ತಾರೀಕು ನಿಮ್ಮದು. ಒಂದು ತಿಂಗಳು ಅವಳು ಕೇಳದ ಹಾಗೆ ಮಾಡಿ ನೋಡಿ.' ಅವರು ಕೂತರು. ಹೆಂಡತಿ ತಲೆ ಎತ್ತಲಿಲ್ಲ, ಆದರೆ ನಕ್ಕದ್ದು ಕಂಡಿತು.

ಬಾಗಿಲ ಹತ್ತಿರ ಮೇಜಿನ ಮೇಲೆ ಗೆರೆ ಹಾಕಿದ ಹಾಳೆಗಳನ್ನು ಇಟ್ಟಿದ್ದೇನೆ. ಬೆಳಿಗ್ಗೆ ನಾಲ್ಕರಿಂದ ಮರುದಿನ ಬೆಳಿಗ್ಗೆ ನಾಲ್ಕರವರೆಗೆ. ಹೋಗುವಾಗ ತೆಗೆದುಕೊಳ್ಳಿ. ಒಂದು ನಿಮಿಷದ ಕೆಲಸವನ್ನೂ ಬರೆಯಿರಿ, ಮಲಗಿ ನಿದ್ದೆ ಬರದೆ ಇದ್ದದ್ದನ್ನೂ ಬರೆಯಿರಿ. ಮನೆಯಲ್ಲಿ ಗಂಡ ಇದ್ದರೆ ಅವರಿಗೂ ಒಂದು, ಅತ್ತೆಯೋ ಅಮ್ಮನೋ ಇದ್ದರೆ ಅವರಿಗೂ ಒಂದು. ಮುಂದಿನ ತಿಂಗಳು ಇದೇ ಜಾಗದಲ್ಲಿ ಕೂತು ಒಟ್ಟಿಗೆ ಓದೋಣ. ಮಕ್ಕಳನ್ನು ಬಿಟ್ಟು ಬರಲು ಆಗದವರು ಕರೆದುಕೊಂಡೇ ಬನ್ನಿ. ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿರುತ್ತೇವೆ, ನೋಡಿಕೊಳ್ಳಲು ಇಬ್ಬರು ಇರುತ್ತಾರೆ.